ರೇಸ್ ಪುಟದ ಆ ಸಾಲುಗಳನ್ನು ಓದುವುದು ಹೇಗೆ? ತಿಳಿದವರು ಬಿಡಿಸಿ ಹೇಳಿ

ಕಾಡಬೆಟ್ಟು ಓದುಗ (ಉಡುಪಿ)

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಬಹುಕಾಲ ಮುಂಬಯಿಯಲ್ಲಿ ಹೋಟೆಲು ನಡೆಸಿ, ಈಗ ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿ ಊರಿಗೆ ಬಂದಿದ್ದಾರೆ. ಕಣ್ಣಿನ ತೊಂದರೆಯಿಂದ ಸಣ್ಣ ಅಕ್ಷರಗಳನ್ನು ಓದಲಾಗದ ಕಾರಣ, ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಬರುವ ಕುದುರೆ ರೇಸಿನ ವಿವರಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ಈಗ ಹಣ ಕಟ್ಟುವುದಿಲ್ಲ. ಕೇಳಿ ಸಂತೋಷಪಡುತ್ತಾರೆ, ಅಷ್ಟೇ. ತಮಾಷೆಯೆಂದರೆ ಓದುವ ನನಗೆ ಒಂದಕ್ಷರವೂ ಅರ್ಥವಾಗುವುದಿಲ್ಲ, ಕೇಳುವ ಅವರು ಮಾತ್ರ ಕಣ್ಣು ಮುಚ್ಚಿಕೊಂಡೇ "ಓಹೋ, ಐವತ್ತಾರೂವರೆಗೆ ಇಳಿಸಿದರೋ!" ಎಂದು ಎದ್ದು ಕುಳಿತುಕೊಳ್ಳುತ್ತಾರೆ.

ಓಟಕ್ಕೆ ಮುಂಚಿನ ದಿನ ಬರುವ ಸಾಲು ಹೀಗಿರುತ್ತದೆ: "1,200 ಮೀ., ರೇಟೆಡ್ 40 ಟು 65" ಎಂಬ ತಲೆಬರಹ, ಅದರ ಕೆಳಗೆ "3. ಕುದುರೆಯ ಹೆಸರು (7) ಜಾಕಿಯ ಹೆಸರು 56.5". ಓಟ ಮುಗಿದ ಮರುದಿನದ ಸಾಲು ಹೀಗೆ: "1-1/4, ಎನ್‌ಕೆ, 2-3/4. 1 ನಿ. 13.45 ಸೆ. ರೂ. 40 (ಡಬ್ಲ್ಯು), 15, 17, 13 (ಪಿ), ಎಸ್‌ಎಚ್‌ಪಿ 37, ಎಫ್‌ಸಿ 166, ಕ್ಯೂ 102." ಅಂಕಿಗಳನ್ನು ನಾನೇ ಬದಲಿಸಿ ಬರೆದಿದ್ದೇನೆ, ಅಚ್ಚು ಮಾತ್ರ ಅದೇ.

ಇನ್ನೊಂದು ಸಂಶಯ. ಬೆಳಗಿನ ತಾಲೀಮಿನ ವರದಿಯಲ್ಲಿ "ಆರ್.ಬಿ." ಎಂಬ ಒಬ್ಬರ ಹೆಸರು ಕಂಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಬೆಳಿಗ್ಗೆ ಅಷ್ಟು ಕುದುರೆಗಳನ್ನು ಏರುವ ಈ ಮಹಾನುಭಾವರು ಯಾರು?

ನಿವೃತ್ತ ಮಾಷ್ಟ್ರು (ಬ್ರಹ್ಮಾವರ)

ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆಮಠ ಕಳೆದುಕೊಂಡವರನ್ನು ನಾವು ನೋಡಿದ್ದೇವೆ. ಆ ವಿದ್ಯೆಯ ಅಕ್ಷರಾಭ್ಯಾಸವನ್ನು ಈ ವೇದಿಕೆಯಲ್ಲಿ ಮಾಡಿಸಬೇಕೇ ಎಂಬುದನ್ನು ಸದಸ್ಯರು ಮೊದಲು ಯೋಚಿಸಲಿ.

ಬೊಂಬಾಯಿ ಶೆಟ್ರು (ಕಾಪು)

ಮಾಷ್ಟ್ರೇ, ಓದಲು ಕಲಿತವರೆಲ್ಲ ಕಟ್ಟಲು ಹೋಗುವುದಿಲ್ಲ. ಕಣ್ಣು ಮಂಜಾದ ಹಿರಿಯರಿಗೆ ಓದಿ ಹೇಳುವ ಅಳಿಯನಿಗೆ ನಾಲ್ಕು ಮಾತು ತಿಳಿಸಿದರೆ ಯಾರ ಮನೆಯೂ ಹೋಗುವುದಿಲ್ಲ.

ಕಾಡಬೆಟ್ಟಿನವರೇ, ಮೊದಲು ಆ ಮಹಾನುಭಾವರ ವಿಷಯ. ಆರ್.ಬಿ. ಎಂದರೆ ರೈಡಿಂಗ್ ಬಾಯ್. ಬೆಳಗಿನ ತಾಲೀಮಿಗೆ ಹೆಸರಾಂತ ಜಾಕಿ ಏರದೆ ಲಾಯದ ಸವಾರನೇ ಏರಿದ್ದರೆ ಆತನ ಹೆಸರಿನ ಬದಲಿಗೆ ಈ ಎರಡು ಅಕ್ಷರ ಹಾಕುತ್ತಾರೆ. ಒಬ್ಬರಲ್ಲ, ಹತ್ತಾರು ಹುಡುಗರು. ನಿಮ್ಮ ಮಾವನಿಗೆ ಇದನ್ನು ಕೇಳಿದ್ದರೆ ಒಂದು ವಾರ ನಗುತ್ತಿದ್ದರು.

ಈಗ ಸಾಲು. ಮೊದಲಿನ 3 ಕುದುರೆಯ ಕ್ರಮಸಂಖ್ಯೆ, ಅಂದರೆ ಟಿಕೇಟು ಕೊಳ್ಳುವಾಗ ಹೇಳುವ ಸಂಖ್ಯೆ. ಕಂಸದೊಳಗಿನ 7 ಎಂದರೆ ಡ್ರಾ: ಹೊರಡುವ ಗೇಟಿನಲ್ಲಿ ಅದಕ್ಕೆ ಚೀಟಿ ಎತ್ತಿ ಸಿಕ್ಕಿದ ಜಾಗ. ಒಂದನೆಯ ಜಾಗ ಒಳಬೇಲಿಗೆ ಹತ್ತಿರ, ಸಂಖ್ಯೆ ಏರಿದಷ್ಟೂ ಹೊರಗೆ. ತಿರುವಿನಲ್ಲಿ ಹೊರಗಿನವನು ಹೆಚ್ಚು ದೂರ ಓಡಬೇಕಾಗುವುದರಿಂದ ದೊಡ್ಡ ಸಂಖ್ಯೆ ಬಂದರೆ ಕುದುರೆಯ ಮಾಲಿಕರ ಮುಖ ಸಣ್ಣದಾಗುತ್ತದೆ. ಕೊನೆಯ 56.5 ಎಂದರೆ ಕುದುರೆ ಹೊರಬೇಕಾದ ಭಾರ, ಕಿಲೋ ಲೆಕ್ಕದಲ್ಲಿ. ಜಾಕಿ, ಜೀನು ಎಲ್ಲ ಸೇರಿ ಅಷ್ಟು ತೂಗಬೇಕು, ಕಡಮೆಯಾದರೆ ಜೀನಿನ ಅಡಿಯ ಬಟ್ಟೆಯ ಜೇಬಿನಲ್ಲಿ ಸೀಸದ ತುಂಡುಗಳನ್ನು ಇಡುತ್ತಾರೆ. ಓಟಕ್ಕೆ ಮುಂಚೆ ತೂಗುತ್ತಾರೆ, ಮುಗಿದ ಮೇಲೂ ತೂಗುತ್ತಾರೆ. ಆ ಎರಡನೆಯ ತೂಕ ಸರಿಯಾದರೆ ಮಾತ್ರ ಫಲಿತಾಂಶ ಗಟ್ಟಿ.

"ರೇಟೆಡ್ 40 ಟು 65" ಎಂಬುದೇ ಇಡೀ ಆಟದ ಕೀಲಿಕೈ. ಪ್ರತಿ ಕುದುರೆಗೂ ಅದರ ಹಿಂದಿನ ಓಟಗಳನ್ನು ನೋಡಿ ಹ್ಯಾಂಡಿಕ್ಯಾಪರ್ ಒಂದು ಅಂಕ ಕೊಡುತ್ತಾನೆ. ಆ ಓಟಕ್ಕೆ 40ರಿಂದ 65ರವರೆಗಿನ ಕುದುರೆಗಳಿಗೆ ಮಾತ್ರ ಪ್ರವೇಶ, ಅಂಕ ಹೆಚ್ಚಿದ್ದ ಕುದುರೆಗೆ ಭಾರವೂ ಹೆಚ್ಚು. ಒಂದು ಅಂಕಕ್ಕೆ ಅರ್ಧ ಕಿಲೋ ಎಂಬ ಲೆಕ್ಕ. ಒಳ್ಳೆಯ ಕುದುರೆಯ ಬೆನ್ನ ಮೇಲೆ ಭಾರ ಹೇರಿ, ಸಾಧಾರಣ ಕುದುರೆಯನ್ನು ಹಗುರಾಗಿ ಬಿಟ್ಟು, ಎಲ್ಲವೂ ಒಟ್ಟಿಗೆ ಗೆರೆ ದಾಟುವಂತೆ ಮಾಡುವುದು ಆತನ ಆದರ್ಶ. ಸೋತು ಸೋತು ಅಂಕ ಇಳಿದ ಕುದುರೆಗೆ ಭಾರವೂ ಇಳಿಯುತ್ತದೆ. ನಿಮ್ಮ ಮಾವ ಎದ್ದು ಕುಳಿತದ್ದು ಅದಕ್ಕೇ: ಇಷ್ಟು ಹಗುರಾದರೆ ಇನ್ನು ಇದು ಓಡಬಹುದು ಎಂಬ ಆಸೆ.

ಬಂದರು ಲೆಕ್ಕಿಗ (ಮಂಗಳೂರು)

ಶೆಟ್ರು ಕುದುರೆಯ ಕಡೆಯಿಂದ ಹೇಳಿದರು, ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ. ರೇಸಿನ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೈಸ್ಕೂಲಿನ ಭಿನ್ನರಾಶಿಯೇ ಹೊರತು ಬೇರೇನಲ್ಲ.

ಬುಕ್ಕಿ "ಎರಡಕ್ಕೆ ಐದು" ಎಂಬರ್ಥದಲ್ಲಿ 5/2 ಎಂದು ಬರೆದಿದ್ದರೆ, ನೀವು ಎರಡು ರೂಪಾಯಿ ಕಟ್ಟಿ ಗೆದ್ದಾಗ ಐದು ರೂಪಾಯಿ ಲಾಭ ಬರುತ್ತದೆ, ಕಟ್ಟಿದ ಎರಡೂ ಮರಳುತ್ತದೆ. ನೂರು ಕಟ್ಟಿದರೆ ಇನ್ನೂರೈವತ್ತು ಲಾಭ, ಕೈಗೆ ಬರುವುದು ಮುನ್ನೂರೈವತ್ತು. "ಈವನ್ಸ್" ಎಂದರೆ ಕಟ್ಟಿದಷ್ಟೇ ಲಾಭ. "ಆಡ್ಸ್ ಆನ್" ಎಂದರೆ ಕಟ್ಟಿದ್ದಕ್ಕಿಂತ ಕಡಮೆ ಲಾಭ. ಉದಾಹರಣೆಗೆ 1/2 ಇದ್ದರೆ ಹತ್ತು ಕಟ್ಟಿದವನಿಗೆ ಐದು. ಎಲ್ಲರೂ ಇದೇ ಗೆಲ್ಲುತ್ತದೆ ಎಂದು ನಂಬಿದ ಕುದುರೆಯ ಬೆಲೆ ಹೀಗೆ ಕುಸಿದಿರುತ್ತದೆ.

ಇದನ್ನು ತಿರುಗಿಸಿ ಓದುವುದು ಹೆಚ್ಚು ಉಪಯುಕ್ತ. 5/2 ಎಂದರೆ ಎರಡನ್ನು ಏಳರಿಂದ ಭಾಗಿಸಿ: ಸುಮಾರು ನೂರಕ್ಕೆ 28.6. ಅಂದರೆ ಆ ಬೆಲೆಯ ಪ್ರಕಾರ ಕುದುರೆ ಗೆಲ್ಲುವ ಸಂಭವ ಅಷ್ಟು. ಈವನ್ಸ್‌ಗೆ 50, 4/1ಕ್ಕೆ 20, 9/1ಕ್ಕೆ 10.

ಸುರತ್ಕಲ್ ಹುಡುಗ

ಇದರಲ್ಲಿ ಅಂಥ ಗೂಢವೇನಿದೆ? ಫಲಿತಾಂಶದಲ್ಲಿ "40 (ಡಬ್ಲ್ಯು)" ಎಂದರೆ ಹತ್ತು ರೂಪಾಯಿಗೆ ನಲವತ್ತು, ಅಂದರೆ 4/1. ಇಷ್ಟೇ ಅಲ್ಲವೇ?

ಬಂದರು ಲೆಕ್ಕಿಗ (ಮಂಗಳೂರು)

ಅಲ್ಲ ತಮ್ಮಾ, ಅಲ್ಲಿಯೇ ಎಲ್ಲರೂ ಎಡವುವುದು. 40 ಎಂಬುದು ಟೋಟಿನ, ಅಂದರೆ ಎಲ್ಲರ ಹಣವನ್ನು ಒಂದೆಡೆ ಕೂಡಿಸಿ ಗೆದ್ದವರಿಗೆ ಹಂಚುವ ಏರ್ಪಾಡಿನ ಡಿವಿಡೆಂಡು, ಹತ್ತು ರೂಪಾಯಿಯ ಟಿಕೇಟಿಗೆ ಒಟ್ಟು ಕೈಗೆ ಬರುವ ಹಣ. ಅದರೊಳಗೆ ನೀವು ಕಟ್ಟಿದ ಹತ್ತೂ ಸೇರಿದೆ. ಆದ್ದರಿಂದ ಲಾಭ ಮೂವತ್ತು, ಬುಕ್ಕಿಯ ಭಾಷೆಯಲ್ಲಿ ಅದು 3/1. ಬುಕ್ಕಿಯ ಬಳಿ 4/1 ಸಿಕ್ಕಿದ್ದರೆ ಹತ್ತಕ್ಕೆ ಐವತ್ತು ಬರುತ್ತಿತ್ತು. ಬುಕ್ಕಿ ಲಾಭ ಮಾತ್ರ ಹೇಳುತ್ತಾನೆ, ಟೋಟು ಅಸಲನ್ನೂ ಸೇರಿಸಿ ಹೇಳುತ್ತದೆ.

ಎರಡರ ಸ್ವಭಾವವೇ ಬೇರೆ. ಬುಕ್ಕಿಯ ಜೊತೆ ಕಟ್ಟುವವನು ಆ ಕ್ಷಣದ ಬೆಲೆಗೆ ವ್ಯಾಪಾರ ಮುಗಿಸುತ್ತಾನೆ. ಆಮೇಲೆ ಬೆಲೆ ಏರಲಿ ಇಳಿಯಲಿ, ಅವನ ಚೀಟಿಯಲ್ಲಿ ಬರೆದದ್ದೇ ಅವನಿಗೆ. ಟೋಟಿನಲ್ಲಿ ಹಾಗಲ್ಲ. ಎಲ್ಲರ ಹಣವೂ ಒಂದು ಕೊಳಕ್ಕೆ ಬೀಳುತ್ತದೆ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು ಉಳಿದದ್ದನ್ನು ಗೆದ್ದ ಟಿಕೇಟುಗಳಿಗೆ ಹಂಚುತ್ತಾರೆ. ಲಕ್ಷ ರೂಪಾಯಿ ಸೇರಿದೆ, ಅದರಲ್ಲಿ ಇಪ್ಪತ್ತು ಸಾವಿರ ಕಡಿತವಾಯಿತು ಎಂದುಕೊಳ್ಳಿ. ಉಳಿದ ಎಂಬತ್ತು ಸಾವಿರ, ಗೆದ್ದ ಕುದುರೆಯ ಮೇಲೆ ಬಿದ್ದಿದ್ದ ಹಣ ಇಪ್ಪತ್ತು ಸಾವಿರವಾಗಿದ್ದರೆ, ರೂಪಾಯಿಗೆ ನಾಲ್ಕು. ಅದೇ ನಿಮ್ಮ 40. ಗೇಟು ತೆರೆಯುವವರೆಗೂ ಹಣ ಬೀಳುತ್ತಲೇ ಇರುವುದರಿಂದ ಕೊನೆಗೆ ಎಷ್ಟು ಸಿಗುತ್ತದೆಂದು ಕಟ್ಟುವಾಗ ಗೊತ್ತಿರುವುದಿಲ್ಲ.

ಈ ಕೊಳದ ಪದ್ಧತಿಯನ್ನು ಹುಟ್ಟುಹಾಕಿದ್ದು ಪ್ಯಾರಿಸ್ಸಿನ ಜೋಸೆಫ್ ಓಲ್ಲೇರ್, 1867ರಲ್ಲಿ. ಅದನ್ನು ತಾನಾಗಿ ಲೆಕ್ಕ ಹಾಕುವ ದೊಡ್ಡ ಯಂತ್ರವನ್ನು ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರ್ 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಸ್ಥಾಪಿಸಿದರು. ಕಂಪ್ಯೂಟರು ಬರುವುದಕ್ಕೆ ಎಷ್ಟೋ ಮೊದಲು, ಗಾಲಿ ಮತ್ತು ತಂತಿಗಳಿಂದಲೇ ನಡೆಯುತ್ತಿದ್ದ ಲೆಕ್ಕ ಅದು. ಮಾಷ್ಟ್ರಿಗೂ ಇದು ಇಷ್ಟವಾಗಬಹುದು.

ಕಾಡಬೆಟ್ಟು ಓದುಗ (ಉಡುಪಿ)

ಬಹಳ ಉಪಕಾರವಾಯಿತು. ಉಳಿದ ಅಕ್ಷರಗಳು? ಎಸ್‌ಎಚ್‌ಪಿ, ಎಫ್‌ಸಿ, ಕ್ಯೂ?

ಬೊಂಬಾಯಿ ಶೆಟ್ರು (ಕಾಪು)

"ಡಬ್ಲ್ಯು" ಎಂದರೆ ವಿನ್, ಮೊದಲು ಬಂದರೆ ಮಾತ್ರ. "ಪಿ" ಎಂದರೆ ಪ್ಲೇಸ್, ಕುದುರೆ ಮೊದಲ ಕೆಲವು ಸ್ಥಾನಗಳಲ್ಲಿ ಎಲ್ಲಿದ್ದರೂ ಸಾಕು. ಎಂಟೋ ಹೆಚ್ಚೋ ಓಡಿದ್ದರೆ ಸಾಮಾನ್ಯವಾಗಿ ಮೂರನೆಯ ಸ್ಥಾನದವರೆಗೆ ಹಣ ಕೊಡುತ್ತಾರೆ. ನಿಮ್ಮ ಸಾಲಿನಲ್ಲಿ 15, 17, 13 ಎಂಬವು ಕ್ರಮವಾಗಿ ಮೊದಲ, ಎರಡನೆಯ, ಮೂರನೆಯ ಕುದುರೆಗೆ ಹತ್ತು ರೂಪಾಯಿಗೆ ಬಂದ ಪ್ಲೇಸ್ ಹಣ. ಮೂರನೆಯದಕ್ಕೆ ಎಲ್ಲಕ್ಕಿಂತ ಕಡಮೆ ಬಂದಿದೆ ನೋಡಿ. ಜನ ಅದರ ಮೇಲೆಯೇ ಹೆಚ್ಚು ಕಟ್ಟಿದ್ದರು, ಹೆಚ್ಚಿನಂಶ ಅದೇ ಫೇವರಿಟ್ ಆಗಿತ್ತು, ಸೋತಿತು. ಓಟ ನೋಡದೆಯೇ ಇಷ್ಟು ಕಥೆ ಆ ಮೂರು ಅಂಕಿಗಳಲ್ಲಿದೆ.

ಎಸ್‌ಎಚ್‌ಪಿ ಎಂದರೆ ಸೆಕೆಂಡ್ ಹಾರ್ಸ್ ಪೂಲ್: ನೀವು ಹೇಳಿದ ಕುದುರೆ ಸರಿಯಾಗಿ ಎರಡನೆಯದೇ ಆಗಬೇಕು, ಗೆದ್ದರೂ ನೀವು ಸೋತಿರಿ. ಎಫ್‌ಸಿ, ಅಂದರೆ ಫೋರ್‌ಕಾಸ್ಟ್‌ನಲ್ಲಿ ಮೊದಲ ಎರಡು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಬೇಕು. ಕ್ಯೂ, ಅಂದರೆ ಕ್ವಿನೆಲ್ಲಾದಲ್ಲಿ ಆ ಎರಡೂ ಹಿಂದುಮುಂದಾದರೂ ನಡೆಯುತ್ತದೆ, ಅದಕ್ಕೇ ಹಣ ಕಡಮೆ. ಮುಂಬಯಿಯ ನಮ್ಮ ಮಹಾಲಕ್ಷ್ಮಿ ರೇಸ್ ಮೈದಾನದಲ್ಲಿ ಮೊದಲ ಮೂರನ್ನು ಕ್ರಮವಾಗಿ ಹೇಳುವುದಕ್ಕೆ ತನಾಲಾ ಎನ್ನುತ್ತಿದ್ದೆವು. ಜಾಕ್‌ಪಾಟ್ ಎಂದರೆ ಸಾಲಾಗಿ ಐದು ಓಟಗಳ ಗೆಲುವಿನ ಕುದುರೆಗಳನ್ನು ಮೊದಲ ಓಟಕ್ಕೆ ಮುಂಚೆಯೇ ಹೇಳುವುದು. ನಾಲ್ಕು ಸರಿಯಾಗಿ ಐದನೆಯದರಲ್ಲಿ ಮೂಗಿನಷ್ಟು ಅಂತರದಿಂದ ಜಾರಿದವರ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಂಥವರನ್ನು ಆ ಹೊತ್ತಿಗೆ ಮಾತಾಡಿಸಬಾರದು.

ಅಂತರದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. "1-1/4, ಎನ್‌ಕೆ, 2-3/4" ಎಂದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದೂಕಾಲು ಕುದುರೆಯುದ್ದ, ಎರಡಕ್ಕೂ ಮೂರಕ್ಕೂ ನಡುವೆ ಒಂದು ಕತ್ತು, ಮೂರಕ್ಕೂ ನಾಲ್ಕಕ್ಕೂ ಎರಡೂಮುಕ್ಕಾಲು ಉದ್ದ. ಒಂದು ಉದ್ದವೆಂದರೆ ಸುಮಾರು 2.4 ಮೀಟರು. ಅದಕ್ಕಿಂತ ಸಣ್ಣವು ಕತ್ತು, ತಲೆ, ಶಾರ್ಟ್ ಹೆಡ್, ಮೂಗು. ಕಣ್ಣಿಗೆ ತಿಳಿಯದಿದ್ದರೆ ಫೋಟೋ ತೆಗೆದು ನೋಡುತ್ತಾರೆ, ಅದರಲ್ಲೂ ಬೇರೆ ಮಾಡಲಾಗದಿದ್ದರೆ ಡೆಡ್ ಹೀಟ್, ಅಂದರೆ ಸಮಸಮ.

ಕಂಬಳದ ಕರೆ (ಮೂಡುಬಿದಿರೆ)

ಕುದುರೆ ಓಟದ ಭಾಷೆ ಕಷ್ಟ ಎನ್ನುವವರು ಹೊರಗಿನಿಂದ ಬಂದವರಿಗೆ ನಮ್ಮ ಕಂಬಳದ ಪತ್ರಿಕಾ ವರದಿಯನ್ನು ಕೊಟ್ಟು ನೋಡಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ. ಗಂತಿನಿಂದ ಹೊರಟು ಮಂಜೊಟ್ಟಿಗೆ ಮುಟ್ಟುವುದು. ಕನೆಹಲಗೆಯಲ್ಲಿ ಆರೂವರೆ ಕೋಲು ನಿಶಾನೆಗೆ ನೀರು ಹಾಯಿಸಿತು ಎಂಬ ವಾಕ್ಯ. ಬೆಂಗಳೂರಿನಿಂದ ಬಂದ ನನ್ನ ಸಹೋದ್ಯೋಗಿ ಅದನ್ನು ಓದಿ ಇದು ಕೃಷಿ ಪುಟವೋ ಕ್ರೀಡಾ ಪುಟವೋ ಎಂದು ಕೇಳಿದರು. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಮೇಲೆ ಎಲ್ಲರಿಗೂ ಸೆಕೆಂಡಿನ ಲೆಕ್ಕ ಅರ್ಥವಾಯಿತು, ವಿಭಾಗಗಳ ಹೆಸರು ಮಾತ್ರ ಇಂದಿಗೂ ಆಗಿಲ್ಲ.

ಒಂದು ವ್ಯತ್ಯಾಸವನ್ನು ಗಮನಿಸಿ. ಕಂಬಳದಲ್ಲಿ ಗೆಲ್ಲುವ ಜೋಡಿಯ ಬೆನ್ನಿಗೆ ಯಾರೂ ಭಾರ ಹೇರುವುದಿಲ್ಲ. ಚೆನ್ನಾಗಿ ಓಡುವುದಕ್ಕೆ ಬಹುಮಾನ ಕೊಡುವ ಬದಲು ಹೊರೆ ಕೊಡುವ ಈ ಹ್ಯಾಂಡಿಕ್ಯಾಪ್ ನನಗೆ ನ್ಯಾಯವೆಂದು ತೋರುವುದಿಲ್ಲ.

ಬಂದರು ಲೆಕ್ಕಿಗ (ಮಂಗಳೂರು)

ಅದು ಕುದುರೆಗಾಗಿ ಮಾಡಿದ ನ್ಯಾಯವಲ್ಲ, ಬಾಜಿಗಾಗಿ ಮಾಡಿದ ಏರ್ಪಾಡು. ಯಾವುದು ಗೆಲ್ಲುತ್ತದೆಂದು ಎಲ್ಲರಿಗೂ ಗೊತ್ತಿದ್ದರೆ ಕಟ್ಟುವವರು ಎಲ್ಲಿಂದ ಬರಬೇಕು? ಆದರೆ ಎಲ್ಲ ಓಟಗಳೂ ಹ್ಯಾಂಡಿಕ್ಯಾಪ್ ಅಲ್ಲ. ಡರ್ಬಿಯಂಥ ದೊಡ್ಡ ಓಟಗಳಲ್ಲಿ ಅಂಕ ನೋಡಿ ಭಾರ ಹೇರುವ ಪದ್ಧತಿ ಇಲ್ಲ; ಅಲ್ಲಿ ನಿಜವಾಗಿ ಯಾರು ಮೇಲು ಎಂಬುದೇ ಪ್ರಶ್ನೆ. ಮುಂಬಯಿಯ ಇಂಡಿಯನ್ ಡರ್ಬಿ 2,400 ಮೀಟರು, 1943ರಿಂದ ನಡೆಯುತ್ತಿದೆ.

ಸುರತ್ಕಲ್ ಹುಡುಗ

3/1 ವಿಷಯ ಇರಲಿ, ಟೋಟಿನವರು ಹಾಗೆ ಬರೆಯುವುದೇ ಅಸಂಬದ್ಧ. ನನ್ನ ನಿಜವಾದ ಪ್ರಶ್ನೆ ಬೇರೆ. ಪ್ರತಿ ಕುದುರೆಯ ಸಂಭವವನ್ನು ಬೆಲೆಯಿಂದಲೇ ಲೆಕ್ಕ ಹಾಕಬಹುದಾದರೆ, ಎಲ್ಲ ಕುದುರೆಗಳ ಮೇಲೂ ಸಂಭವಕ್ಕೆ ತಕ್ಕಂತೆ ಹಣ ಹಂಚಿದರೆ ಯಾವುದು ಗೆದ್ದರೂ ನಷ್ಟವಿಲ್ಲ ಅಲ್ಲವೇ?

ಬಂದರು ಲೆಕ್ಕಿಗ (ಮಂಗಳೂರು)

ಹಂಚಿ ನೋಡೋಣ. ನಾಲ್ಕು ಕುದುರೆಗಳು, ಬೆಲೆ ಈವನ್ಸ್, 2/1, 4/1, 9/1. ಯಾವುದು ಗೆದ್ದರೂ ನಿಮ್ಮ ಕೈಗೆ ನೂರು ಬರಬೇಕಾದರೆ ಕ್ರಮವಾಗಿ 50, 33.33, 20, 10 ರೂಪಾಯಿ ಕಟ್ಟಬೇಕು. ಕೂಡಿಸಿ: 113 ರೂಪಾಯಿ 33 ಪೈಸೆ. ಅಷ್ಟು ಕೊಟ್ಟು ನೂರು ತೆಗೆದುಕೊಂಡು ಮನೆಗೆ ಬರುತ್ತೀರಿ. ನಿಜವಾದ ಸಂಭವಗಳ ಮೊತ್ತ ನೂರನ್ನು ಮೀರಲು ಸಾಧ್ಯವಿಲ್ಲ. ಬುಕ್ಕಿಯ ಹಲಗೆಯ ಮೇಲಿನ ಮೊತ್ತ ನೂರನ್ನು ಮೀರಿಯೇ ಇರುತ್ತದೆ. ಆ ಮೇಲಿನ ಹದಿಮೂರು ಚಿಲ್ಲರೆಯೇ ಅವನ ಅಂಗಡಿಯ ಬಾಡಿಗೆ, ಊಟ, ಮಗಳ ಮದುವೆ ಎಲ್ಲವೂ. ರೇಸಿನ ಭಾಷೆಯಲ್ಲಿ ಕಲಿಯಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಈ ಕೂಡಿಸುವ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಯಾವ ಹಲಗೆ ಕಂಡರೂ ಮೊದಲು ಕೂಡಿಸಿ, ಆಮೇಲೆ ಕುದುರೆಯ ಹೆಸರು ಓದಿ.

ಬೊಂಬಾಯಿ ಶೆಟ್ರು (ಕಾಪು)

ಲೆಕ್ಕಿಗರ ಲೆಕ್ಕ ಸರಿಯೇ, ಆದರೆ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಬೇಕು. ಒಂದು ಕುದುರೆಯ ಮೇಲೆ ಹಣ ಸುರಿಯಲಾರಂಭಿಸಿದರೆ ಬುಕ್ಕಿ ಅದರ ಬೆಲೆ ಇಳಿಸುತ್ತಾನೆ, ಉಳಿದವುಗಳದ್ದನ್ನು ಏರಿಸುತ್ತಾನೆ. ಬೆಳಿಗ್ಗೆ 6/1 ಇದ್ದದ್ದು ಗೇಟಿಗೆ ಹೋಗುವಾಗ 2/1 ಆಗಿದ್ದರೆ, ಲಾಯದ ಕಡೆಯ ಯಾರೋ ಕಟ್ಟಿದ್ದಾರೆ ಎಂದು ಸ್ಟ್ಯಾಂಡಿನಲ್ಲಿ ಗುಸುಗುಸು ಹಬ್ಬುತ್ತದೆ. ಅದು ನಿಜವಿರಬಹುದು; ಗುಸುಗುಸುವನ್ನು ನಂಬಿ ಕಟ್ಟಿದವರಿಂದಲೇ ಬೆಲೆ ಇನ್ನಷ್ಟು ಇಳಿದಿರಲೂಬಹುದು. "ಪಕ್ಕಾ ಟಿಪ್" ಎಂದು ಕಿವಿಯಲ್ಲಿ ಹೇಳುವವನು ಅದೇ ಓಟದ ಬೇರೆ ಬೇರೆ ಕುದುರೆಗಳ ಹೆಸರನ್ನು ಬೇರೆ ಬೇರೆ ಕಿವಿಗಳಲ್ಲಿ ಹೇಳಿರುತ್ತಾನೆ, ಗೆದ್ದ ಕಿವಿಯ ಬಳಿಗೆ ಮಾತ್ರ ಬಕ್ಷೀಸಿಗೆ ಮರಳಿ ಬರುತ್ತಾನೆ.

ಪಶುವೈದ್ಯ (ಕಾರ್ಕಳ)

ರೇಸ್ ಬುಕ್ಕಿನ ಇನ್ನೊಂದು ಬಗೆಯ ಅಕ್ಷರಗಳ ಬಗ್ಗೆ ಯಾರೂ ಹೇಳಲಿಲ್ಲ. ಕುದುರೆಯ ಹೆಸರಿನ ಪಕ್ಕದಲ್ಲಿ "ಬಿ ಎಫ್", "ಸಿಎಚ್ ಸಿ", "ಜಿಆರ್ ಜಿ" ಎಂದಿರುತ್ತದೆ. ಮೊದಲನೆಯದು ಬಣ್ಣ: ಬಿ ಎಂದರೆ ಬೇ, ಕಂದು ಮೈಗೆ ಕಪ್ಪು ಬಾಲ ಮತ್ತು ಕೇಸರ, ಸಿಎಚ್ ಎಂದರೆ ಚೆಸ್ಟ್‌ನಟ್, ಕೆಂಗಂದು, ಜಿಆರ್ ಬೂದು. ಎರಡನೆಯದು ಲಿಂಗ ಮತ್ತು ವಯಸ್ಸು: ಎಫ್ ಎಂದರೆ ಫಿಲ್ಲಿ, ನಾಲ್ಕು ವರ್ಷದವರೆಗಿನ ಹೆಣ್ಣು, ಐದಕ್ಕೆ ಅದು ಮೇರ್, ಸಿ ಎಂದರೆ ಕೋಲ್ಟ್, ಎಳೆಯ ಗಂಡು, ಜಿ ಎಂದರೆ ಗೆಲ್ಡಿಂಗ್, ಬೀಜ ಒಡೆದ ಗಂಡು ಕುದುರೆ. ಅದರ ಮುಂದೆ ಅಪ್ಪ ಮತ್ತು ಅಮ್ಮನ ಹೆಸರು. ಥರೋಬ್ರೆಡ್ ತಳಿಯ ಯಾವ ಕುದುರೆಯ ಗಂಡು ವಂಶವನ್ನು ಹಿಂದಕ್ಕೆ ಹಿಡಿದು ಹೋದರೂ ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬಯರ್ಲಿ ಟರ್ಕ್ ಎಂಬ ಮೂರು ಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತೇವೆ.

ವಯಸ್ಸಿನ ಲೆಕ್ಕವೂ ವಿಚಿತ್ರ. ಯಾವ ತಿಂಗಳಲ್ಲಿ ಹುಟ್ಟಿದರೂ ನಮ್ಮಲ್ಲಿ ರೇಸಿನ ಕುದುರೆಗಳಿಗೆಲ್ಲ ಜನವರಿ 1ರಂದೇ ಒಂದು ವರ್ಷ ಕೂಡುತ್ತದೆ. ಕಂಬಳದ ಕೋಣವಾದರೆ ಬಾಯಿ ತೆರೆಸಿ ಹಲ್ಲು ನೋಡಿ ಕಿರಿಯವೋ ಹಿರಿಯವೋ ಎಂದು ತೀರ್ಮಾನಿಸಬೇಕು. ಅಂದಹಾಗೆ, ಕುದುರೆ ಸಾಕಣೆಯಲ್ಲಿ ನಮ್ಮ ರಾಜ್ಯದ ಹೆಸರು ಸಣ್ಣದೇನಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮಿನ ಚರಿತ್ರೆ ಟಿಪ್ಪು ಸುಲ್ತಾನನ ಕಾಲದವರೆಗೆ ಹೋಗುತ್ತದೆ.

ಮಣಿಪಾಲದಿಂದ ಮೈಸೂರಿಗೆ

ನಾನು ಕೆಲಸದ ಮೇಲೆ ಮೈಸೂರಿನಲ್ಲಿದ್ದಾಗ ಗೆಳತಿಯೊಬ್ಬಳ ಜೊತೆ ರೇಸ್ ನೋಡಲು ಹೋಗಿದ್ದೆ. ಚಾಮುಂಡಿ ಬೆಟ್ಟ ಎದುರಿಗೇ ಕಾಣುವ ಮೈದಾನವದು, ಮೈಸೂರು ರೇಸ್ ಕ್ಲಬ್ಬು 1891ರಷ್ಟು ಹಳೆಯದು. ಓಟಕ್ಕಿಂತ ಪ್ಯಾಡಕ್ಕಿನಲ್ಲಿ ಕುದುರೆಗಳನ್ನು ಸುತ್ತ ನಡೆಸುವುದನ್ನು ನೋಡಿದ್ದೇ ನನಗೆ ಹೆಚ್ಚು ಇಷ್ಟವಾಯಿತು. ಬೇಲಿಗೆ ಒರಗಿ ನಿಂತ ಹಿರಿಯರೊಬ್ಬರು ಪುಸ್ತಕವನ್ನೇ ತೆರೆಯದೆ, ಕತ್ತಿನ ಮೇಲೆ ಬಿಳಿ ನೊರೆಯಂತೆ ಬೆವರು ಒಡೆದ ಕುದುರೆಯನ್ನು ತೋರಿಸಿ "ಇದು ಇಲ್ಲಿಯೇ ಓಡಿ ಮುಗಿಸಿತು" ಎಂದರು. ಅದು ಕೊನೆಯಿಂದ ಎರಡನೆಯದಾಗಿ ಬಂತು. ಅಂಕಿಗಳನ್ನು ಓದುವವರು ಕುದುರೆಯನ್ನೂ ಸ್ವಲ್ಪ ನೋಡಬೇಕು ಎಂದು ನನಗೆ ಅನ್ನಿಸಿದ್ದು ಆಗ.

ನಿವೃತ್ತ ಮಾಷ್ಟ್ರು (ಬ್ರಹ್ಮಾವರ)

ಇದುವರೆಗಿನ ವಿವರಣೆಗಳನ್ನು ನಾನು ಆಸಕ್ತಿಯಿಂದಲೇ ಓದಿದೆ, ಓದಲಿಲ್ಲವೆಂದು ಯಾರೂ ಹೇಳಬಾರದು. ಆದರೆ ಕೋಳಿ ಅಂಕಕ್ಕೆ ಪೊಲೀಸರು ಬಂದು ಜನರನ್ನು ಓಡಿಸುವ ನಾಡಿನಲ್ಲಿ, ಕೋಟು ಹಾಕಿಕೊಂಡವರು ಕುದುರೆಯ ಮೇಲೆ ಕಟ್ಟಿದರೆ ಅದು ಕ್ರೀಡೆ ಹೇಗಾಗುತ್ತದೆ?

ಬಲ್ಮಠ ವಕೀಲೆ (ಮಂಗಳೂರು)

ಮಾಷ್ಟ್ರ ಪ್ರಶ್ನೆಗೆ ಕಾನೂನಿನ ಉತ್ತರ ಇಷ್ಟು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಮತ್ತು ತಮಿಳುನಾಡು ಸರಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕುದುರೆ ಓಟದಲ್ಲಿ ಅದೃಷ್ಟಕ್ಕಿಂತ ಕೌಶಲ್ಯದ ಪಾಲು ಹೆಚ್ಚು ಎಂದು ತೀರ್ಮಾನಿಸಿತು. ಕುದುರೆಯ ವಂಶ, ತರಬೇತಿ, ಜಾಕಿಯ ಸಾಮರ್ಥ್ಯ ಇವನ್ನು ತಿಳಿದವನು ಅಳೆದು ನೋಡಬಹುದು ಎಂಬುದು ಅದರ ತರ್ಕ. ಈ ಎಳೆಯಲ್ಲಿ ಇದುವರೆಗೆ ಬಂದ ರೇಟಿಂಗು, ಭಾರ, ಡ್ರಾ ಎಲ್ಲವೂ ಆ ತರ್ಕದ ಸಾಮಗ್ರಿಯೇ. ನಮ್ಮಲ್ಲಿ ರೇಸ್ ಮೈದಾನಕ್ಕೆ 1952ರ ಕಾಯ್ದೆಯ ಪ್ರಕಾರ ಸರಕಾರದ ಪರವಾನಗಿ ಬೇಕು. ಕರ್ನಾಟಕದಲ್ಲಿ ಇರುವುದು ಬೆಂಗಳೂರು ಮತ್ತು ಮೈಸೂರಿನ ಎರಡೇ ಮೈದಾನ. ಪರವಾನಗಿ ಇಲ್ಲದೆ ಫೋನಿನಲ್ಲಿ ಬಾಜಿ ಹಿಡಿಯುವ ಬುಕ್ಕಿಗೆ ಈ ತೀರ್ಪಿನ ರಕ್ಷಣೆ ಇಲ್ಲ, ಅವನ ಬಳಿ ಕಟ್ಟುವವರಿಗೂ ಇಲ್ಲ. ಗೆದ್ದ ಹಣ ಅವನು ಕೊಡದಿದ್ದರೆ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುವಂತಿಲ್ಲ.

ಕಂಬಳಕ್ಕೂ ಕೋರ್ಟಿನ ದಾರಿ ಸುಲಭವಾಗಿರಲಿಲ್ಲ ಎಂಬುದು ನಿಮಗೆಲ್ಲ ನೆನಪಿರಬಹುದು. ಅಲ್ಲಿನ ವಿವಾದ ಬಾಜಿಯದ್ದಲ್ಲ, ಪ್ರಾಣಿಹಿಂಸೆಯದ್ದು; 2023ರ ಮೇ 18ರಂದು ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅದು ಮುಗಿಯಿತು.

ನಿವೃತ್ತ ಮಾಷ್ಟ್ರು (ಬ್ರಹ್ಮಾವರ)

ಕೌಶಲ್ಯ ಜಾಕಿಗೆ ಇರಬಹುದು, ಕುದುರೆಗೂ ಇರಬಹುದು. ಸ್ಟ್ಯಾಂಡಿನಲ್ಲಿ ಚೀಟಿ ಹಿಡಿದು ಕಿರಿಚುವವನಿಗೆ ಯಾವ ಕೌಶಲ್ಯ? ತೀರ್ಪಿಗೆ ತಲೆಬಾಗುತ್ತೇನೆ, ಒಪ್ಪುವುದಿಲ್ಲ.

ಬಂದರು ಲೆಕ್ಕಿಗ (ಮಂಗಳೂರು)

ಮಾಷ್ಟ್ರ ಕಡೆಗೆ ಈಗ ಸರಕಾರವೇ ವಾಲಿದೆ ಎನ್ನಬಹುದು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 40 ಆಯಿತು. ಅದರ ಮೇಲೆ ಗೆದ್ದ ಹಣಕ್ಕೆ ಶೇಕಡಾ 30ರ ದರದಲ್ಲಿ ಆದಾಯ ತೆರಿಗೆ ಬೇರೆ, ಸೋತದ್ದನ್ನು ಅದರಿಂದ ಕಳೆಯುವಂತಿಲ್ಲ. ನಾನು ಮೇಲೆ ತೋರಿಸಿದ 113ರ ಲೆಕ್ಕಕ್ಕೆ ಇವನ್ನೂ ಸೇರಿಸಿದರೆ ಯಾವ ಕೌಶಲ್ಯವೂ ಅದನ್ನು ಎತ್ತಿ ನಿಲ್ಲಿಸಲಾರದು. ನನ್ನ ಕಕ್ಷಿದಾರರಲ್ಲಿ ಒಬ್ಬರು ಗೆದ್ದ ಓಟಗಳನ್ನು ಮಾತ್ರ ಬರೆದಿಟ್ಟ ಪುಸ್ತಕ ತಂದು ಲೆಕ್ಕ ಮಾಡಿಕೊಡಿ ಎಂದಿದ್ದರು. ಸೋತವುಗಳ ಪುಸ್ತಕ ಎಲ್ಲಿ ಎಂದರೆ ಅದನ್ನು ಇಡುವ ಅಭ್ಯಾಸವಿಲ್ಲ ಎಂದರು.

ಸುರತ್ಕಲ್ ಹುಡುಗ

ಹಾಗಾದರೆ ಫೇವರಿಟ್ ಮೇಲೆ ಮಾತ್ರ ಕಟ್ಟಿದರೆ? ಅದು ಉಳಿದ ಕುದುರೆಗಳಿಗಿಂತ ಹೆಚ್ಚು ಸಲ ಗೆಲ್ಲುತ್ತದಲ್ಲ.

ಬೊಂಬಾಯಿ ಶೆಟ್ರು (ಕಾಪು)

ಹೆಚ್ಚು ಸಲ ಗೆಲ್ಲುತ್ತದೆ, ಕಡಮೆ ಹಣ ಕೊಡುತ್ತದೆ. ಆ ಎರಡೂ ಒಂದೇ ಮಾತು ತಮ್ಮಾ. ಫೇವರಿಟ್ ಎಂಬುದು ಕುದುರೆಯ ಗುಣವಲ್ಲ, ಅದರ ಮೇಲೆ ಬಿದ್ದ ಹಣದ ಹೆಸರು.

ಕಾಡಬೆಟ್ಟು ಓದುಗ (ಉಡುಪಿ)

ನಿನ್ನೆ ಮಾವನಿಗೆ 40 ಎಂಬುದರಲ್ಲಿ ಅಸಲೂ ಸೇರಿದೆ ಎಂದು ವಿವರಿಸಲು ಹೋದೆ, "ಅದು ನನಗೆ ನೀನು ಹುಟ್ಟುವ ಮೊದಲೇ ಗೊತ್ತು" ಎಂದರು. ಆರ್.ಬಿ. ವಿಷಯ ಮಾತ್ರ ಹೇಳಲಿಲ್ಲ, ಹೇಳುವುದೂ ಇಲ್ಲ.

ಕೊನೆಯ ಒಂದು ಪ್ರಶ್ನೆ. ತಾಲೀಮಿನ ವರದಿಯಲ್ಲಿ "ಇನ್ನರ್ ಸ್ಯಾಂಡ್, 1,200 ಮೀ., 1 ನಿ. 19 ಸೆ., 600/39, ಮೂವ್ಡ್ ಫ್ರೀಲಿ" ಎಂದಿರುತ್ತದೆ. ಬೇರೆ ಕುದುರೆಗಳಿಗೆ "ಪ್ಲೀಸ್ಡ್", "ಇನ್ ಫೈನ್ ಟ್ರಿಮ್", "ಈಸ್ಡ್ ಅಪ್". ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು?

ಬೊಂಬಾಯಿ ಶೆಟ್ರು (ಕಾಪು)

ಇನ್ನರ್ ಸ್ಯಾಂಡ್ ಎಂದರೆ ತಾಲೀಮು ಮಾಡಿಸುವ ಒಳಗಿನ ಮರಳಿನ ಹಾದಿ. 1,200 ಮೀಟರಿಗೆ ಒಟ್ಟು ಒಂದು ನಿಮಿಷ ಹತ್ತೊಂಬತ್ತು ಸೆಕೆಂಡು, ಅದರಲ್ಲಿ ಕೊನೆಯ 600 ಮೀಟರಿಗೆ 39 ಸೆಕೆಂಡು. ಮೊದಲ ಅರ್ಧಕ್ಕೆ 40, ಎರಡನೆಯ ಅರ್ಧಕ್ಕೆ 39 ಆಯಿತಲ್ಲ, ಅಂದರೆ ಕೊನೆಯಲ್ಲಿ ದಣಿಯಲಿಲ್ಲ. ಈ ಕಳೆಯುವ ಲೆಕ್ಕವನ್ನು ನೀವೇ ಮಾಡಿಕೊಳ್ಳಬೇಕು, ಪತ್ರಿಕೆಯವರು ಮಾಡಿಕೊಡುವುದಿಲ್ಲ.

ಆ ಹೊಗಳಿಕೆಯ ಮಾತುಗಳಲ್ಲಿ ಮೇಲು ಕೀಳು ಹುಡುಕಬೇಡಿ. ಬೈಗುಳವಂತೂ ಅಲ್ಲಿ ಬರುವುದೇ ಅಪರೂಪ. "ಈಸ್ಡ್ ಅಪ್" ಎಂಬುದನ್ನು ಮಾತ್ರ ಗಮನಿಸಿ, ಸವಾರ ಕೊನೆಯಲ್ಲಿ ಬೇಕೆಂದೇ ಸಡಿಲಬಿಟ್ಟಿದ್ದಾನೆ, ಹಾಗಾಗಿ ಸಮಯವನ್ನು ನೋಡಿ ಕುದುರೆ ನಿಧಾನ ಎಂದುಕೊಳ್ಳಬಾರದು. ಉಳಿದವನ್ನು ನಿಮ್ಮ ಮಾವ ಹೇಗೂ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಕಂಬಳದ ಕರೆ (ಮೂಡುಬಿದಿರೆ)

ಶೆಟ್ರೇ, ಚಿತ್ರಗಳಲ್ಲಿ ಕೆಲವು ಕುದುರೆಗಳ ಕಣ್ಣಿನ ಪಕ್ಕದಲ್ಲಿ ಬಟ್ಟಲಿನಂಥದ್ದು ಇರುತ್ತದಲ್ಲ, ಅದು ಎಂತದು?

ಬೊಂಬಾಯಿ ಶೆಟ್ರು (ಕಾಪು)

ಬ್ಲಿಂಕರ್ಸ್. ಪಕ್ಕದ ಕುದುರೆಗಳನ್ನು ನೋಡಿ ಬೆದರುವ, ಗಮನ ಚದುರುವ ಕುದುರೆಗೆ ಮುಂದಿನ ದಾರಿ ಮಾತ್ರ ಕಾಣುವಂತೆ ಹಾಕುತ್ತಾರೆ. ರೇಸ್ ಬುಕ್ಕಿನಲ್ಲಿ ಅದಕ್ಕೂ ಗುರುತು ಇರುತ್ತದೆ. ಹಿಂದಿನ ಓಟದಲ್ಲಿ ಇಲ್ಲದೆ ಈ ಓಟಕ್ಕೆ ಹೊಸದಾಗಿ ಹಾಕಿದ್ದರೆ ಟ್ರೇನರು ಏನೋ ಬದಲಾವಣೆ ಬಯಸಿದ್ದಾನೆ ಎಂದು ತಿಳಿಯಬೇಕು.